ಸ್ಯಾಂಡೋ ಬನಿಯನ್ನಿನ ಬೆನ್ನು ಹತ್ತಿ

ಡೊಂಬಿವಲಿ ಪೂರ್ವದ ನಮ್ಮ ಬೀದಿಯ ಬಟ್ಟೆ ಅಂಗಡಿಯಲ್ಲಿ ಬನಿಯನ್ ಕೇಳಿದರೆ ಅಂಗಡಿಯವನು ಸೈಜು ಕೇಳುವ ಮೊದಲೇ ‘ಸ್ಯಾಂಡೋ ಕೊಡಲಾ, ತೋಳಿನದು ಕೊಡಲಾ’ ಅನ್ನುತ್ತಾನೆ. ಹೆಗಲ ಮೇಲೆ ಎರಡು ಪಟ್ಟಿ ಮಾತ್ರ ಇರುವ, ತೋಳಿಲ್ಲದ ಬನಿಯನ್ನಿಗೆ ಮುಂಬಯಿಯಲ್ಲೂ ಅದೇ ಹೆಸರು, ನಮ್ಮ ಇಂಡಿ ತಾಲ್ಲೂಕಿನ ಸಂತೆಯಲ್ಲೂ ಅದೇ ಹೆಸರು. ಅದು ಕಂಪನಿಯ ಹೆಸರೇ ಇರಬೇಕು ಅಂತ ನಾನು ಬಹಳ ಕಾಲ ತಿಳಿದಿದ್ದೆ. ಅದೊಬ್ಬ ಮನುಷ್ಯನ ಹೆಸರು, ಆ ಮನುಷ್ಯ ಜರ್ಮನ್ ಮೂಲದವನು, ಈ ನಮ್ಮ ಮುಂಬಯಿಗೂ ಬಂದು ಹೋಗಿದ್ದಾನೆ ಎಂಬುದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ.

ನಮ್ಮ ಅಪ್ಪ ಆ ಬನಿಯನ್ನಿನಲ್ಲೇ ಆಯುಷ್ಯ ಕಳೆದವನು. ಮಸೀದಿ ಸ್ಟೇಷನ್ನಿನ ಆಚೆಗಿನ ದಾಣಾ ಬಂದರಿನಲ್ಲಿ ಹಮಾಲ. ಧಾನ್ಯದ ವಹಿವಾಟು ವಾಶಿಯ ಮಾರ್ಕೆಟ್ಟಿಗೆ ಹೋಗುವ ತನಕ ಅಲ್ಲಿ, ಆಮೇಲೆ ವಾಶಿಯಲ್ಲಿ. ಕೈಯಲ್ಲೊಂದು ಕಬ್ಬಿಣದ ಕೊಕ್ಕೆ, ತಲೆಗೊಂದು ಸುತ್ತಿದ ಟವೆಲು, ಮೈಮೇಲೆ ಬೆವರಿಗೆ ಹಳದಿಯಾದ ಸ್ಯಾಂಡೋ. ಆಗ ಗೋಣಿ ಅಂದರೆ ನೂರು ಕಿಲೋದ್ದು. ಈಗಿನ ಐವತ್ತು ಕಿಲೋ ಚೀಲಗಳು ಬಂದದ್ದು ಎಷ್ಟೋ ವರ್ಷಗಳ ಮೇಲೆ. ದಿನಕ್ಕೆ ಎಷ್ಟು ಚೀಲ ಹೊರುತ್ತಿದ್ದೆ ಅಂತ ಕೇಳಿದರೆ ಅಪ್ಪ ಹೇಳುತ್ತಿರಲಿಲ್ಲ. ‘ಲೆಕ್ಕಾ ಮುಕಾದಮಂದು, ಬೆನ್ನ ನಂದು’ ಅನ್ನುತ್ತಿದ್ದ.

ಈ ಲೇಖನದ ಹುಟ್ಟು ಒಂದು ಹಳೆಯ ಪುಸ್ತಕದಿಂದ. ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುವವರನ್ನು ನೀವೆಲ್ಲ ನೋಡಿದ್ದೀರಿ. ಎಂಜಿನಿಯರಿಂಗ್ ಗೈಡುಗಳ ರಾಶಿಯ ಕೆಳಗೆ ಒಮ್ಮೊಮ್ಮೆ ಒಂದು ಕನ್ನಡ ಪುಸ್ತಕ ಸಿಕ್ಕಿಬಿಡುತ್ತದೆ. ಹಾಗೆ ಒಂದು ಭಾನುವಾರ ನನಗೆ ಸಿಕ್ಕಿದ್ದು ಕೆ. ವಿ. ಅಯ್ಯರ್ ಅವರ ‘ರೂಪದರ್ಶಿ’. ಇಟಲಿಯ ಮೈಕೆಲೆಂಜೆಲೊನ ಸುತ್ತ ಹೆಣೆದ ಕಾದಂಬರಿ, 1950ರಲ್ಲಿ ಬಂದದ್ದು. ಅದನ್ನು ಬರೆದವರು ಮೇಷ್ಟ್ರಲ್ಲ, ವಕೀಲರಲ್ಲ, ಗರಡಿ ನಡೆಸುತ್ತಿದ್ದ ವ್ಯಾಯಾಮ ಗುರು ಎಂಬುದು ನನಗೆ ಹೊಸ ಸಂಗತಿ. ಗರಡಿಯವನು ಯಾಕೆ ಕಾದಂಬರಿ ಬರೆದ? ಅದೂ ಚಿತ್ರಕಾರನ ಕಥೆಯನ್ನು? ಈ ಪ್ರಶ್ನೆಯ ಬೆನ್ನು ಹತ್ತಿದಾಗ ದಾರಿ ಬೆಂಗಳೂರಿನಿಂದ ಔಂಧ್‌ಗೆ, ಅಲ್ಲಿಂದ ಬರ್ಲಿನ್ನಿಗೆ ಹೋಗಿ, ಕೊನೆಗೆ ನಮ್ಮ ಮನೆಯ ಹಗ್ಗದ ಮೇಲೆ ಒಣಗುವ ಬನಿಯನ್ನಿಗೇ ಬಂದು ನಿಂತಿತು.

ಮೊದಲು ಆ ಹೆಸರಿನ ಒಡೆಯನ ವಿಷಯ ಹೇಳಿಬಿಡುತ್ತೇನೆ. ಯೂಜೀನ್ ಸ್ಯಾಂಡೋ ಎಂಬುದು ಅವನೇ ಇಟ್ಟುಕೊಂಡ ಹೆಸರು. ಹುಟ್ಟಿದ್ದು 1867ರಲ್ಲಿ, ಆಗಿನ ಪ್ರಷ್ಯದ ಕೋನಿಗ್ಸ್‌ಬರ್ಗ್‌ನಲ್ಲಿ. ಸರ್ಕಸ್ಸಿನಲ್ಲಿ, ನಾಟಕಶಾಲೆಗಳಲ್ಲಿ ಭಾರ ಎತ್ತಿ ತೋರಿಸುತ್ತಿದ್ದವನು ಒಂದು ಗುಟ್ಟನ್ನು ಬೇಗ ಕಂಡುಕೊಂಡ. ಜನಕ್ಕೆ ಅವನು ಎತ್ತುವ ಕಬ್ಬಿಣಕ್ಕಿಂತ ಎತ್ತುವ ಮೈಯನ್ನು ನೋಡುವ ಆಸೆ ಹೆಚ್ಚು. ಅಂದಿನಿಂದ ಅವನು ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ನಿಲ್ಲತೊಡಗಿದ, ಫೋಟೋ ತೆಗೆಸಿದ, ಡಂಬೆಲ್ ಮಾರಿದ, ಪತ್ರಿಕೆ ನಡೆಸಿದ, ಅಂಚೆಯ ಮೂಲಕ ವ್ಯಾಯಾಮ ಕಲಿಸಿದ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನು ನಡೆಸಿದ ಮೈಕಟ್ಟಿನ ಸ್ಪರ್ಧೆಯೇ ಇವತ್ತಿನ ಬಾಡಿ ಬಿಲ್ಡಿಂಗ್ ಸ್ಪರ್ಧೆಗಳ ಮೂಲ. 1904–05ರಲ್ಲಿ ಭಾರತಕ್ಕೆ ಬಂದು ಕಲ್ಕತ್ತ, ಮುಂಬಯಿ ಮುಂತಾದ ಕಡೆ ಪ್ರದರ್ಶನ ಕೊಟ್ಟ. 1925ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನ ಪುಸ್ತಕಗಳು ಮರೆಯಾದವು, ಡಂಬೆಲ್ಲುಗಳು ತುಕ್ಕು ಹಿಡಿದವು. ಹೆಸರು ಮಾತ್ರ ನಮ್ಮ ಬನಿಯನ್ನಿನಲ್ಲಿ ಉಳಿಯಿತು.

ಸ್ಯಾಂಡೋ ಬರುವ ಮೊದಲು ನಮ್ಮಲ್ಲಿ ಭಾರ ಎತ್ತುವುದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಾರೆ, ಗುಂಡು ಎತ್ತುತ್ತಾರೆ, ಜೋಳದ ಚೀಲ ಹೊತ್ತು ಗುಡಿ ಸುತ್ತುತ್ತಾರೆ. ಗರಡಿ ಮನೆಯಲ್ಲಿ ಕೆಮ್ಮಣ್ಣು, ದಂಡ, ಬಸ್ಕಿ, ಗದೆ, ಹನುಮಪ್ಪನ ಫೋಟೋ. ಆದರೆ ಗುಂಡಿನ ತೂಕ ಎಷ್ಟು ಅಂತ ಅಲ್ಲಿ ಯಾರೂ ಬರೆದಿಡುವುದಿಲ್ಲ. ‘ಅವರ ಮುತ್ಯಾ ಎತ್ತಿದ ಗುಂಡು’ ಅನ್ನುವುದೇ ಅದರ ತೂಕ. ಕಬ್ಬಿಣದ ಬಾರ್‌ಬೆಲ್ ಜೊತೆಗೆ ಬಂದ ಹೊಸ ಸಂಗತಿ ಅಂದರೆ ಲೆಕ್ಕ. ಎರಡೂವರೆ ಕಿಲೋ ಏರಿಸಬಹುದು, ಇಳಿಸಬಹುದು, ಬರೆದಿಡಬಹುದು. ಲಾಸ್ ಏಂಜಲೀಸಿನಲ್ಲಿ ಎತ್ತಿದ್ದನ್ನು ಮ್ಯೂನಿಕ್ಕಿನಲ್ಲಿ ಎತ್ತಿದ್ದರ ಜೊತೆ ಹೋಲಿಸಬಹುದು.

ಸ್ಯಾಂಡೋನ ಗಾಳಿ ನಮ್ಮ ದೇಶದೊಳಗೆ ಎಷ್ಟು ದೂರ ಬೀಸಿತ್ತು ಎಂಬುದಕ್ಕೆ ಔಂಧ್ ಸಂಸ್ಥಾನ ಒಳ್ಳೆಯ ಉದಾಹರಣೆ. ಸಾತಾರಾ ಕಡೆಯ ಆ ಪುಟ್ಟ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿಯವರು ಸ್ಯಾಂಡೋನ ಸಲಕರಣೆ, ಪುಸ್ತಕ ತರಿಸಿಕೊಂಡು ಸುಮಾರು ಹತ್ತು ವರ್ಷ ಅದನ್ನೇ ಮಾಡಿದವರು. ಆಮೇಲೆ ಅದನ್ನು ಬಿಟ್ಟು ಸೂರ್ಯನಮಸ್ಕಾರಕ್ಕೆ ತಿರುಗಿದರು, ಶಾಲೆಗಳಲ್ಲಿ ಕಲಿಸಿದರು, ಪುಸ್ತಕ ಬರೆದು ಪ್ರಚಾರ ಮಾಡಿದರು. ಇವತ್ತು ನಮ್ಮ ಮಕ್ಕಳು ಶಾಲೆಯಲ್ಲಿ ಎಣಿಸಿ ಎಣಿಸಿ ಮಾಡುವ ಸೂರ್ಯನಮಸ್ಕಾರದ ಹಿಂದೆ, ಒಂದು ಹೆಜ್ಜೆ ಆಚೆಗೆ, ಜರ್ಮನ್ ಮೂಲದ ಒಬ್ಬ ಸರ್ಕಸ್ಸಿನವನ ಡಂಬೆಲ್ ಇದೆ ಅಂದರೆ ಕೆಲವರಿಗೆ ಸಿಟ್ಟು ಬರಬಹುದು. ಚರಿತ್ರೆಗೆ ಹಾಗೆ ಶುದ್ಧವಾಗಿರುವ ಅಭ್ಯಾಸ ಇಲ್ಲ.

ಈ ಎರಡೂ ದಾರಿಗಳು, ಅಂದರೆ ಕಬ್ಬಿಣ ಮತ್ತು ನಮಸ್ಕಾರ, ಒಂದೇ ಕೋಣೆಯಲ್ಲಿ ಕೂಡಿದ್ದು ಬೆಂಗಳೂರಿನಲ್ಲಿ, ಕೆ. ವಿ. ಅಯ್ಯರರ ಗರಡಿಯಲ್ಲಿ. ಕೋಲಾರ ವೆಂಕಟೇಶ ಅಯ್ಯರ್ ಕೋಲಾರ ಜಿಲ್ಲೆಯವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡರು. ಎರಡು ಮಹಾಯುದ್ಧಗಳ ನಡುವಿನ ಕಾಲ ಅವರ ದೇಹದ ಉಚ್ಛ್ರಾಯದ ಕಾಲ. ಅವರ ಸಂಸ್ಥೆಯ ಹೆಸರು ‘ಹರ್ಕ್ಯುಲಿಸ್ ಜಿಮ್ನೇಷಿಯಂ’, ಜೊತೆಗೆ ಅಂಚೆಯ ಮೂಲಕ ವ್ಯಾಯಾಮ ಕಲಿಸುವ ಶಾಲೆ. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಹೊರತಂದರು. ಅವರ ಫೋಟೋಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲೂ ಬಂದವು.

ಆ ಪುಸ್ತಕಗಳಲ್ಲಿ ಅಯ್ಯರರಿಗೆ ಸಂಕೋಚ ಎಂಬುದೇ ಇಲ್ಲ. ದೇವತೆಗಳೂ ಆಸೆಪಡುವಂಥ ಮೈ ತನ್ನದು ಎಂದು ತಾವೇ ಹೇಳಿಕೊಳ್ಳುತ್ತಾರೆ. ಲಂಗೋಟಿ ಉಟ್ಟು, ತೋಳು ಮಡಿಸಿ, ಬೆಳಕಿಗೆ ಎದೆಯೊಡ್ಡಿ ನಿಂತ ಚಿತ್ರಗಳು. ನನ್ನ ಮಗ ಜಿಮ್ಮಿನ ಕನ್ನಡಿ ಮುಂದೆ ನಿಂತು ಮೊಬೈಲಿನಲ್ಲಿ ತೆಗೆದುಕೊಳ್ಳುವ ಫೋಟೋಗಳಿಗೂ ಇವಕ್ಕೂ ಬಹಳ ವ್ಯತ್ಯಾಸ ಕಾಣುವುದಿಲ್ಲ. ಮೊದಲು ನೋಡಿದಾಗ ನನಗೆ ನಗು ಬಂತು. ಆಮೇಲೆ ಆ ಕಾಲವನ್ನು ನೆನೆಸಿಕೊಂಡೆ. ಭಾರತೀಯರು ಮೈಯಲ್ಲಿ ಸತ್ವವಿಲ್ಲದವರು, ಅದಕ್ಕೇ ಆಳಿಸಿಕೊಳ್ಳಲು ಹುಟ್ಟಿದವರು ಎಂದು ಆಳುವವರು ಬಹಿರಂಗವಾಗಿ ಬರೆಯುತ್ತಿದ್ದ ಕಾಲ ಅದು. 1910ರಲ್ಲಿ ಗಾಮಾ ಪೈಲವಾನ ಲಂಡನ್ನಿಗೆ ಹೋಗಿ ಕುಸ್ತಿ ಆಡಿ ಬಂದದ್ದು, ಆಂಧ್ರದ ಕೋಡಿ ರಾಮಮೂರ್ತಿ ನಾಯ್ಡು ಸರ್ಕಸ್ ಕಟ್ಟಿ ಶಕ್ತಿ ಪ್ರದರ್ಶನ ಮಾಡಿದ್ದು, ಎಲ್ಲವೂ ಆ ಮಾತಿಗೆ ಕೊಟ್ಟ ಉತ್ತರಗಳೇ. ಬೆಂಗಳೂರಿನ ಒಬ್ಬ ಮನುಷ್ಯ ತನ್ನ ಮೈಯನ್ನು ಇಂಗ್ಲಿಷ್ ಓದುಗರ ಕಣ್ಣಮುಂದೆ ಹಿಡಿದು ‘ಇದನ್ನು ನೋಡಿ’ ಅಂದದ್ದರಲ್ಲಿ ಜಂಬ ಎಷ್ಟಿತ್ತೋ ಅಷ್ಟೇ ಛಲವೂ ಇತ್ತು.

ಅಯ್ಯರ್ ಬರೀ ಕಬ್ಬಿಣವನ್ನು ನಂಬಿದವರಲ್ಲ. ತಾನು ಈಗಿರುವಂತೆ ಆಗುವುದಕ್ಕೆ ಬಾರು, ಬೆಲ್ಲು, ಸ್ಪ್ರಿಂಗುಗಳಿಗಿಂತ ಹಠಯೋಗದ ಪಾಲೇ ದೊಡ್ಡದು ಎಂಬ ಅರ್ಥದ ಮಾತನ್ನು ಬರೆದರು. ಅವರ ಜೊತೆಗಾರರಾಗಿದ್ದ ಯೋಗಾಚಾರ್ಯ ಸುಂದರಂ ಆಸನಗಳನ್ನು ತೋರಿಸುವುದು, ಅಯ್ಯರ್ ಸ್ನಾಯುಗಳನ್ನು ತೋರಿಸುವುದು, ಹೀಗೆ ಇಬ್ಬರೂ ಕೂಡಿ ಊರೂರಿಗೆ ಹೋಗಿ ಭಾಷಣ, ಪ್ರದರ್ಶನ ಮಾಡಿದರು. ಮೈಸೂರಿನ ಅರಮನೆಯವರೂ ಅವರಿಂದ ವ್ಯಾಯಾಮದ ಸಲಹೆ ಪಡೆದರು. 1940ರ ಸುಮಾರಿಗೆ ಅರಮನೆಯ ನೆರವಿನಿಂದ ಬೆಂಗಳೂರಿನಲ್ಲಿ ಅವರ ವ್ಯಾಯಾಮಶಾಲೆಗೆ ದೊಡ್ಡ ಕಟ್ಟಡವೇ ಆಯಿತು.

ಒಂದು ಮಾತು ಸ್ಪಷ್ಟವಾಗಿರಲಿ. ಅಯ್ಯರ್ ಸ್ಪರ್ಧೆಯ ವೇದಿಕೆ ಹತ್ತಿ ಭಾರ ಎತ್ತಿದವರೆಂದು ಹೆಸರಾದವರಲ್ಲ. ಕಬ್ಬಿಣ ಅವರಿಗೆ ಸಾಧನ, ಮೈ ಅವರ ಶಿಲ್ಪ. ಅದೇ ವರ್ಷಗಳಲ್ಲಿ ಅದೇ ಕಬ್ಬಿಣದಿಂದ ಬೇರೆಯೇ ಬದುಕು ಕಟ್ಟಿಕೊಂಡವರನ್ನು ನೋಡಬೇಕಾದರೆ ಜರ್ಮನಿಗೆ ಹೋಗಬೇಕು. ಅಯ್ಯರರನ್ನು ಅರ್ಥ ಮಾಡಿಕೊಳ್ಳಲು ನನಗೆ ಹೆಚ್ಚು ನೆರವಾದವನು ಅವರಿಗಿಂತ ಸುಮಾರು ಹತ್ತು ವರ್ಷ ಚಿಕ್ಕವನಾದ ಒಬ್ಬ ಜರ್ಮನ್, ರುಡಾಲ್ಫ್ ಇಸ್ಮಾಯರ್.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನು 1920 ಮತ್ತು 1924ರ ಒಲಿಂಪಿಕ್ಸ್‌ಗಳಿಗೆ ಕರೆಯಲಿಲ್ಲ. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಮರಳಿ ಬಂದಾಗ ಅವರ ಭಾರ ಎತ್ತುವವರು ಎರಡು ಚಿನ್ನ ಗೆದ್ದರು. ಭಾರೀ ತೂಕದಲ್ಲಿ ಯೋಸೆಫ್ ಸ್ಟ್ರಾಸ್‌ಬರ್ಗರ್, ಹಗುರ ತೂಕದಲ್ಲಿ ಆಸ್ಟ್ರಿಯದವನ ಜೊತೆ ಸಮಸಮ ಬಂದು ಚಿನ್ನ ಹಂಚಿಕೊಂಡ ಕುರ್ಟ್ ಹೆಲ್ಬಿಗ್. ಆ ವರ್ಷದಿಂದಲೇ ಸ್ಪರ್ಧೆಗೆ ಒಂದು ಗಟ್ಟಿ ರೂಪ ಬಂತು. ಮೂರೇ ಬಗೆ, ಮೂರೂ ಎರಡು ಕೈಯವು. ಪ್ರೆಸ್ ಅಂದರೆ ಬಾರನ್ನು ಎದೆಯ ಮಟ್ಟಕ್ಕೆ ತಂದು, ಕಾಲು ಬಳಸದೆ ತೋಳಿನ ಬಲದಿಂದ ಮೇಲಕ್ಕೆ ಒತ್ತುವುದು. ಸ್ನ್ಯಾಚ್ ಅಂದರೆ ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ. ಕ್ಲೀನ್ ಅಂಡ್ ಜರ್ಕ್ ಅಂದರೆ ಮೊದಲು ಹೆಗಲಿಗೆ, ಆಮೇಲೆ ಕಾಲಿನ ಒದೆತ ಸೇರಿಸಿ ತಲೆಯ ಮೇಲೆ. ಮೂರರಲ್ಲಿ ಎತ್ತಿದ್ದನ್ನು ಕೂಡಿಸಿದರೆ ಬರುವ ಮೊತ್ತವೇ ಮನುಷ್ಯನ ಅಂಕ. 1972ರ ಮ್ಯೂನಿಕ್ ಒಲಿಂಪಿಕ್ಸ್ ಆದಮೇಲೆ ಪ್ರೆಸ್ಸನ್ನು ಕೈಬಿಟ್ಟರು.

ಜರ್ಮನಿಯಲ್ಲಿ ಭಾರ ಎತ್ತುವುದು ಶ್ರೀಮಂತರ ಆಟವಾಗಿರಲಿಲ್ಲ. ಟೆನಿಸ್ಸಿಗೆ ಮೈದಾನ ಬೇಕು, ಕುದುರೆ ಸವಾರಿಗೆ ಕುದುರೆ ಬೇಕು. ಇದಕ್ಕೆ ಒಂದು ಕೋಣೆ, ಒಂದು ಬಾರು ಸಾಕು. ಕಾರ್ಮಿಕರದ್ದೇ ಆದ ಕ್ರೀಡಾ ಸಂಘಗಳು ಅಲ್ಲಿ ಬಲವಾಗಿದ್ದವು. ಇದನ್ನು ಓದುವಾಗ ನನಗೆ ಲಾಲ್‌ಬಾಗ್, ಪರೇಲಿನ ಗಿರಣಿ ಚಾಳುಗಳ ವ್ಯಾಯಾಮಶಾಲೆಗಳು ನೆನಪಾದವು. ಪಾಳಿ ಮುಗಿಸಿ ಬಂದವರು ಒಂದು ಗಂಟೆ ಮೈ ದಂಡಿಸಿ, ಚಾಳಿನ ನಲ್ಲಿಯ ಕೆಳಗೆ ಮೈ ತೊಳೆದು ಊಟಕ್ಕೆ ಕೂಡುತ್ತಿದ್ದ ಆ ಕಾಲ.

ಇಸ್ಮಾಯರ್ ಹುಟ್ಟಿದ್ದು 1908ರಲ್ಲಿ, ಬವೇರಿಯದ ಲಾಂಡ್ಸ್‌ಹುಟ್‌ನಲ್ಲಿ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹೊತ್ತಿಗೆ ಅವನಿಗೆ ಇನ್ನೂ ಇಪ್ಪತ್ನಾಲ್ಕು ತುಂಬಿರಲಿಲ್ಲ. ಜಗತ್ತಿನಲ್ಲಿ ಆರ್ಥಿಕ ಮುಗ್ಗಟ್ಟು, ಯುರೋಪಿನಿಂದ ಅಷ್ಟು ದೂರ ಬರಲು ಹಣವಿದ್ದವರು ಕಡಿಮೆ. 75 ಕಿಲೋ ವರ್ಗದಲ್ಲಿ ಇಸ್ಮಾಯರ್ ಪ್ರೆಸ್ಸಿನಲ್ಲಿ 102.5, ಸ್ನ್ಯಾಚ್‌ನಲ್ಲಿ 110, ಜರ್ಕ್‌ನಲ್ಲಿ 132.5, ಒಟ್ಟು 345 ಕಿಲೋ ಎತ್ತಿ ಚಿನ್ನ ಗೆದ್ದ. ಎರಡನೆಯವನಾದ ಇಟಲಿಯ ಕಾರ್ಲೋ ಗಾಲಿಂಬೆರ್ತಿ 1924ರಲ್ಲಿ ಇದೇ ವರ್ಗದ ಚಿನ್ನ ಗೆದ್ದವನು. ಅವನಿಗಿಂತ ಐದೇ ಕಿಲೋ ಹೆಚ್ಚು. ಅಪ್ಪನ ಭಾಷೆಯಲ್ಲಿ ಹೇಳುವುದಾದರೆ ಎರಡು ಪಡಿ ಜೋಳ.

ಮರು ವರ್ಷ, 1933ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ. ಕಾರ್ಮಿಕರ ಕ್ರೀಡಾ ಸಂಘಗಳನ್ನು ಮುಚ್ಚಿಸಲಾಯಿತು. ಯಹೂದಿ ಆಟಗಾರರನ್ನು ಸಂಘಗಳಿಂದ ಹೊರಹಾಕಲಾಯಿತು. ಉಳಿದವರ ಮೈ ದೇಶದ ಆಸ್ತಿ ಎನ್ನುವಂತಾಯಿತು. ಇಸ್ಮಾಯರ್ ಆ ವರ್ಷಗಳಲ್ಲಿ ಯುರೋಪಿನ ಚಾಂಪಿಯನ್ ಪಟ್ಟಗಳನ್ನೂ ಗೆದ್ದ. 1936ರ ಆಗಸ್ಟ್ 1ರಂದು ಬರ್ಲಿನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಎಲ್ಲ ಆಟಗಾರರ ಪರವಾಗಿ ಪ್ರತಿಜ್ಞೆ ಮಾಡುವ ಗೌರವ ಅವನ ಪಾಲಿಗೆ ಬಂತು. ಪ್ರತಿಜ್ಞೆ ಮಾಡುವವನು ಒಲಿಂಪಿಕ್ಸ್ ಬಾವುಟವನ್ನು ಹಿಡಿದು ಮಾಡಬೇಕು. ಇಸ್ಮಾಯರ್ ಹಿಡಿದದ್ದು ಸ್ವಸ್ತಿಕದ ಬಾವುಟವನ್ನು. ಲಕ್ಷ ಜನರ ಎದುರಿಗೆ, ಹಿಟ್ಲರನ ಎದುರಿಗೆ, ಕಬ್ಬಿಣದ ಭಾರಕ್ಕೂ ನಡುಗದ ಆ ಕೈ ಬಟ್ಟೆಯ ಒಂದು ತುದಿಯನ್ನು ಹಿಡಿಯಿತು. ಅವನ ಬದುಕಿನಲ್ಲಿ ಚರಿತ್ರೆ ಹೆಚ್ಚು ನೆನಪಿಟ್ಟುಕೊಂಡಿರುವುದು ಆ ಕ್ಷಣವನ್ನೇ, ನಾಲ್ಕು ವರ್ಷ ಹಿಂದಿನ ಚಿನ್ನವನ್ನಲ್ಲ.

ಕೆಲವು ದಿನಗಳ ನಂತರ ಡಾಯ್ಚ್‌ಲಾಂಡ್‌ಹಾಲೆಯಲ್ಲಿ ಭಾರ ಎತ್ತುವ ಸ್ಪರ್ಧೆ. ಭಾರೀ ತೂಕದಲ್ಲಿ ಜರ್ಮನಿಯ ಯೋಸೆಫ್ ಮಾಂಗರ್ 410 ಕಿಲೋ ಎತ್ತಿ ಚಿನ್ನ ಗೆದ್ದ. ಆದರೆ 75 ಕಿಲೋ ವರ್ಗದಲ್ಲಿ ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಒಬ್ಬ ಹುಡುಗ ಈಜಿಪ್ಟಿನಿಂದ ಬಂದಿದ್ದ. ಖಾದರ್ ಅಲ್ ತೂನಿ. ಪ್ರೆಸ್ 117.5, ಸ್ನ್ಯಾಚ್ 120, ಜರ್ಕ್ 150, ಒಟ್ಟು 387.5. ಇಸ್ಮಾಯರ್ 352.5 ಕಿಲೋ ಎತ್ತಿ ಎರಡನೆಯವನಾದ. ಲಾಸ್ ಏಂಜಲೀಸಿಗಿಂತ ಏಳೂವರೆ ಕಿಲೋ ಹೆಚ್ಚೇ ಎತ್ತಿದ್ದ ಅನ್ನಿ, ಆದರೂ ಈಜಿಪ್ಟಿನ ಹುಡುಗನಿಗೂ ಅವನಿಗೂ ನಡುವೆ ಮೂವತ್ತೈದು ಕಿಲೋ ಅಂತರ. ಇನ್ನೊಬ್ಬ ಜರ್ಮನ್ ಅಡಾಲ್ಫ್ ವಾಗ್ನರ್ ಕೂಡ 352.5 ಎತ್ತಿ ಮೂರನೆಯವನಾದ. ತೂನಿ ಎತ್ತಿದ ಮೊತ್ತ ಅವನ ಮೇಲಿನ ವರ್ಗದಲ್ಲಿ ಚಿನ್ನ ಗೆದ್ದ ಫ್ರಾನ್ಸಿನ ಲೂಯಿ ಓಸ್ಟಿನ್‌ನದಕ್ಕಿಂತ ಹದಿನೈದು ಕಿಲೋ ಹೆಚ್ಚು! ಬರ್ಲಿನ್ ಅಂದರೆ ನಾವು ಓಟಗಾರ ಜೆಸ್ಸಿ ಓವೆನ್ಸ್‌ನ ಹೆಸರು ಹೇಳುತ್ತೇವೆ. ಬ್ರಿಟಿಷರ ಸೈನ್ಯ ಇನ್ನೂ ಬೀಡುಬಿಟ್ಟಿದ್ದ ದೇಶದಿಂದ ಬಂದ ಈ ಹುಡುಗನ ಹೆಸರನ್ನೂ ಹೇಳಬೇಕು. ಯಾವ ಜನಾಂಗ ಮೇಲು ಎಂದು ಕೂಗುತ್ತಿದ್ದ ಊರಿನಲ್ಲಿ ಕಬ್ಬಿಣ ಯಾರ ಮಾತನ್ನೂ ಕೇಳಲಿಲ್ಲ.

ಆ ಬರ್ಲಿನ್ನಿಗೆ ನಮ್ಮವರೂ ಹೋಗಿದ್ದರು. ಧ್ಯಾನ್ ಚಂದರ ಹಾಕಿ ತಂಡ ಹಡಗು ಹತ್ತಿದ್ದು ಇದೇ ಮುಂಬಯಿಯಿಂದ. ಆಗಸ್ಟ್ 15ರಂದು ಜರ್ಮನಿಯನ್ನು 8–1ರಲ್ಲಿ ಸೋಲಿಸಿ ಅವರು ಚಿನ್ನ ತಂದರು. ಭಾರತದ ಪರವಾಗಿ ಭಾರ ಎತ್ತಲು ಹೋಗಿದ್ದವನು ಬರ್ಮಾದ ಜಾ ವೈಕ್. 1937ರ ತನಕ ಬರ್ಮಾ ಬ್ರಿಟಿಷ್ ಭಾರತದ್ದೇ ಭಾಗ. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಕಬಡ್ಡಿಯೂ ಸೇರಿದಂತೆ ನಮ್ಮ ದೇಶೀ ಆಟ, ವ್ಯಾಯಾಮಗಳನ್ನು ಅಲ್ಲಿ ಪ್ರದರ್ಶಿಸಿದರು. ಮೂವತ್ತು ವರ್ಷ ಹಿಂದೆ ಒಬ್ಬ ಜರ್ಮನ್ ಬಂದು ನಮಗೆ ಮೈ ತೋರಿಸಿ ಹೋಗಿದ್ದ. ಈಗ ನಮ್ಮವರು ಜರ್ಮನಿಗೆ ಹೋಗಿ ತೋರಿಸಿ ಬಂದರು.

ಅದೇ 1936ರಲ್ಲಿ ಬೆಂಗಳೂರಿನಲ್ಲಿ ಅಯ್ಯರ್ ‘ಪರ್ಫೆಕ್ಟ್ ಫಿಸೀಕ್’ ಹೊರತಂದರು. ಅವರ ಸುತ್ತ ಬೇರೊಂದು ಲೋಕವೂ ಬೆಳೆಯುತ್ತಿತ್ತು. ಕನ್ನಡ ನಾಟಕದ ದಿಕ್ಕನ್ನೇ ಬದಲಿಸಿದ ಟಿ. ಪಿ. ಕೈಲಾಸಂ ಅವರ ಗೆಳೆಯ. ಗರಡಿಯ ಹುಡುಗರನ್ನೂ ಗೆಳೆಯರನ್ನೂ ಕೂಡಿಸಿ ಅಯ್ಯರ್ ‘ರವಿ ಕಲಾವಿದರು’ ಎಂಬ ನಾಟಕ ತಂಡ ಕಟ್ಟಿದರು. ಯೋಚಿಸಿ ನೋಡಿ. ಬೆಳಗ್ಗೆ ಡಂಬೆಲ್ ಹಿಡಿದ ಹುಡುಗ ಸಂಜೆ ನಾಟಕದ ಮಾತು ಬಾಯಿಪಾಠ ಮಾಡುತ್ತಾನೆ. ಒಂದು ಕಡೆ ಬೆವರು, ಇನ್ನೊಂದು ಕಡೆ ಕೈಲಾಸಂ ಅವರ ಸಿಗರೇಟಿನ ಹೊಗೆ. ಕೈಲಾಸಂ 1946ರಲ್ಲಿ ತೀರಿಕೊಂಡರು. ಆಮೇಲೆ ಅಯ್ಯರ್ ‘ಕೈಲಾಸಂ ಸ್ಮರಣೆ’ ಬರೆದರು. ಹೊಯ್ಸಳರ ರಾಣಿಯ ಕುರಿತ ‘ಶಾಂತಲಾ’ ಕಾದಂಬರಿ ಬರೆದರು. ಅದಕ್ಕೂ ಮೊದಲು ನನಗೆ ಫುಟ್‌ಪಾತಿನಲ್ಲಿ ಸಿಕ್ಕ ‘ರೂಪದರ್ಶಿ’.

‘ರೂಪದರ್ಶಿ’ಯ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಬಹುದು. ಕಲಾವಿದನಿಗೆ ಬಾಲಯೇಸುವಿನ ಚಿತ್ರಕ್ಕೆ ಒಂದು ಮುಖ ಬೇಕು. ನಿಷ್ಕಳಂಕವಾದ ಒಬ್ಬ ಹುಡುಗ ಸಿಗುತ್ತಾನೆ. ಎಷ್ಟೋ ವರ್ಷ ಕಳೆದ ಮೇಲೆ ಯೇಸುವಿಗೆ ದ್ರೋಹ ಬಗೆದ ಜೂಡಾಸನ ಮುಖಕ್ಕೆ ಒಬ್ಬ ರೂಪದರ್ಶಿ ಬೇಕಾಗುತ್ತದೆ. ಹುಡುಕಿ ಹುಡುಕಿ ತಂದ ಆ ಮನುಷ್ಯ ಬೇರೆ ಯಾರೂ ಅಲ್ಲ, ಅದೇ ಹುಡುಗ. ಕಥೆಯ ಎಳೆ ಪಶ್ಚಿಮದ್ದು, ಬಹಳ ಹಳೆಯದು. ಆದರೆ ಅದನ್ನು ಕನ್ನಡದಲ್ಲಿ ಬರೆಯಲು ಕುಳಿತವರು ಇಡೀ ಹರೆಯವನ್ನು ಮನುಷ್ಯನ ಮೈ ನೋಡುವುದರಲ್ಲಿ ಕಳೆದವರು ಎಂಬುದನ್ನು ಮರೆಯಬಾರದು. ಮೈ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ, ಅದೇ ತೋಳು ಇಪ್ಪತ್ತರಲ್ಲಿ ಹೇಗೆ, ಐವತ್ತರಲ್ಲಿ ಹೇಗೆ ಎಂದು ಅವರಷ್ಟು ಹತ್ತಿರದಿಂದ ನೋಡಿದ ಕನ್ನಡ ಲೇಖಕರು ಕಡಿಮೆ. ದೇವತೆಗಳು ಆಸೆಪಡುವ ಮೈ ತನ್ನದು ಎಂದು 1930ರಲ್ಲಿ ಹೇಳಿಕೊಂಡವರು ಇಪ್ಪತ್ತು ವರ್ಷದ ಮೇಲೆ ಬರೆದದ್ದು ರೂಪ ನಿಲ್ಲುವುದಿಲ್ಲ ಎಂಬ ಕಥೆಯನ್ನು.

ಇದನ್ನು ಓದಿದ ಮೇಲೆ ನನಗೆ ಇಸ್ಮಾಯರ್ ಬೇರೆ ತರಹ ಕಾಣಿಸಿದ. 1932ರಲ್ಲಿ ಬಾರನ್ನು ತಲೆಯ ಮೇಲೆ ಹಿಡಿದು ನಿಂತವನು, 1936ರಲ್ಲಿ ಬಾವುಟ ಹಿಡಿದು ನಿಂತವನು, ಒಂದೇ ಮೈ. ತೋಳಿನ ಸುತ್ತಳತೆ ಹೆಚ್ಚು ಕಡಿಮೆ ಅಷ್ಟೇ ಇದ್ದೀತು. ಚಿತ್ರ ಮಾತ್ರ ಬೇರೆ. ಮೈ ಗಟ್ಟಿ ಮಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ; ಆ ಮೈಯನ್ನು ಯಾರ ಚಿತ್ರಕ್ಕೆ ನಿಲ್ಲಿಸುತ್ತೇವೆ ಎಂಬುದಕ್ಕೂ ಅಷ್ಟೇ ಎಚ್ಚರ ಬೇಕು. ಅಯ್ಯರರ ಗರಡಿಯ ಪಕ್ಕದಲ್ಲಿ ನಾಟಕದ ರಂಗ ಇದ್ದದ್ದು ಆ ಹುಡುಗರ ಪುಣ್ಯ ಅನಿಸಿತು. ಬರೀ ಸ್ನಾಯು ಬೆಳೆಸಿದವನಿಗೆ ಯಾರಾದರೂ ಬಂದು ಒಂದು ಬಾವುಟ ಕೊಟ್ಟುಬಿಡಬಹುದು. ನಗುವುದನ್ನು, ಇನ್ನೊಬ್ಬನ ಪಾತ್ರ ಮಾಡುವುದನ್ನು ಕಲಿತವನು ಅದನ್ನು ಹಿಡಿಯುವ ಮುಂಚೆ ಒಂದು ಗಳಿಗೆ ಯೋಚಿಸಿಯಾನು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಅಯ್ಯರರ ಪುಸ್ತಕವಾಗಲಿ ಅಂಚೆಯ ಪಾಠವಾಗಲಿ ನಮ್ಮ ಅಪ್ಪನಂಥವರಿಗಲ್ಲ. ಇಂಗ್ಲಿಷ್ ಓದಬೇಕು, ಹಣ ಕಟ್ಟಬೇಕು, ಬೆಳಗ್ಗೆ ಒಂದು ಗಂಟೆ ಬಿಡುವಿರಬೇಕು, ಆಮೇಲೆ ಹೊಟ್ಟೆ ತುಂಬ ಹಾಲು, ಬಾದಾಮಿ ಇರಬೇಕು. ಕೂತು ಕೆಲಸ ಮಾಡುವವರ ಮೈಗೆ ಆ ಪಾಠ. ನಿಂತು ಹೊರುವವರಿಗೆ ಯಾರೂ ಚಾರ್ಟು ಬರೆಯಲಿಲ್ಲ. ಅವರ ಭಾರಕ್ಕೆ ಲೆಕ್ಕ ಸಿಕ್ಕಿದ್ದು 1969ರಲ್ಲಿ, ಮಹಾರಾಷ್ಟ್ರ ಸರಕಾರ ಮಾಥಾಡಿ ಹಮಾಲರ ಕಾನೂನು ತಂದಾಗ. ಕೂಲಿ ಬೋರ್ಡಿನ ಮೂಲಕ, ಭವಿಷ್ಯ ನಿಧಿ, ರಜೆಯ ಸಂಬಳ, ಆಸ್ಪತ್ರೆ. ನಾನು ಓದಿ ಈ ಲೇಖನ ಬರೆಯುವಂತಾದದ್ದು ಆ ಕಾನೂನಿನಿಂದ. ಅಪ್ಪನ ಚಿನ್ನದ ಪದಕ ಅಂದರೆ ಅದೇ.

ಅಪ್ಪನಿಗೆ ಈಗ ಎಂಬತ್ತರ ಹತ್ತಿರ. ಎರಡೂ ಮೊಣಕಾಲು ಹೋಗಿವೆ, ಬೆನ್ನು ಬಾಗಿದೆ. ಓದಲು ಬರುವುದಿಲ್ಲ. ಹೋದ ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ‘ರೂಪದರ್ಶಿ’ಯನ್ನು ಅವನಿಗೆ ಓದಿ ಹೇಳಿದೆ. ಇಟಲಿಯ ಹೆಸರುಗಳಿಗೆ ಮೊದಮೊದಲು ಮುಖ ಕಿವುಚುತ್ತಿದ್ದವನು ಆಮೇಲೆ ‘ಆ ಹುಡುಗ ಏನಾದ?’ ಅಂತ ತಾನೇ ಕೇಳತೊಡಗಿದ. ಜೂಡಾಸನಾಗಿ ಬಂದವನು ಅದೇ ಹುಡುಗ ಅಂತ ಗೊತ್ತಾದ ದಿನ ಬಹಳ ಹೊತ್ತು ಸುಮ್ಮನಿದ್ದ. ‘ಯಾರೂ ಕೇಳಲಿಲ್ಲ ನೋಡ್ ಆ ಹುಡಗನ್ನ’ ಅಂದ.

ಇನ್ನೊಂದು ದಿನ ಮೊಮ್ಮಗ ಮೊಬೈಲಿನಲ್ಲಿ ಭಾರ ಎತ್ತುವ ಸ್ಪರ್ಧೆಯ ವಿಡಿಯೋ ಹಚ್ಚಿಕೊಟ್ಟ. ಬಾರನ್ನು ತಲೆಯ ಮೇಲೆ ಎತ್ತಿದವನು ಕಾಲು ಕೂಡಿಸಿ, ಕದಲದೆ ನಿಂತು, ತೀರ್ಪುಗಾರರ ಸನ್ನೆ ಸಿಕ್ಕ ಮೇಲೆ ಧಡಾರ್ ಅಂತ ಕೆಳಗೆ ಬಿಟ್ಟ. ಅಪ್ಪನಿಗೆ ಅದು ಸರಿಬರಲಿಲ್ಲ.

‘ಹಂಗ ಒಗದರ ಚೀಲಾ ಒಡದ ಹೋಗ್ತೈತಿ, ತಮ್ಮಾ’ ಅಂದ. ‘ಎತ್ತೂದು ಯಾರರೆ ಎತ್ತತಾರ. ಇಳಸೂದು ಕಲೀಬೇಕು.’

ಮೊಮ್ಮಗ ನಕ್ಕು, ‘ಅಜ್ಜಾ, ಇದು ರಬ್ಬರಿಂದು, ಒಡಿಯಂಗಿಲ್ಲ’ ಅಂದು ಜಿಮ್ಮಿಗೆ ಹೊರಟ. ಮೈಮೇಲೆ ಹೊಸದೊಂದು ಬಿಳಿ ಸ್ಯಾಂಡೋ. ಅದು ಯಾರ ಹೆಸರು ಅಂತ ಹೇಳೋಣವೆಂದು ಬಾಗಿಲ ತನಕ ಹೋದೆ. ಅವನು ಆಗಲೇ ಮೆಟ್ಟಿಲಿಳಿದು ಹೋಗಿದ್ದ. ಬಂದ ಮೇಲೆ ಇದನ್ನೇ ಓದಲು ಕೊಡುತ್ತೇನೆ.